ಹಾಲೋಫೋರ್ಡ್‌ನ ಏಳನೇ ಲಾಕ್

1998ರ ಸೆಪ್ಟೆಂಬರ್ 18, ಶುಕ್ರವಾರ ಬೆಳಿಗ್ಗೆ 9.15ಕ್ಕೆ ನೋರಿನ್ ಬ್ಲೇಕ್‌ಮೋರ್ ಎಂಬ ಅರವತ್ತಮೂರರ ಹೆಂಗಸು ಹಾಲೋಫೋರ್ಡ್ ಠಾಣೆಗೆ ಬಂದಳು. ಹಿಂದಿನ ದಿನ ಕಾಲುವೆಯ ಏಳನೇ ಲಾಕ್‌ನಲ್ಲಿ, ಅಂದರೆ ಎರಡು ಗೇಟುಗಳ ನಡುವೆ ನೀರು ಇಳಿಸಿ ದೋಣಿಯನ್ನು ತಗ್ಗಿಗೆ ತರುವ ಕಟ್ಟೆಯಲ್ಲಿ, ಅವಳ ಗಂಡ ಲೆಸ್ಟರ್ ತಮ್ಮ ವಾಸದ ದೋಣಿಯೊಳಗೇ ಸಿಕ್ಕಿ ಸತ್ತಿದ್ದ. ಠಾಣೆಯ ಪುಸ್ತಕದಲ್ಲಿ ಅದು ಆಕಸ್ಮಿಕ ಸಾವೆಂದು ದಾಖಲಾಗಿತ್ತು.

“ಆಕಸ್ಮಿಕ ಅಲ್ಲ, ಕೊಲೆ,” ಎಂದಳು.

ಕಾನ್‌ಸ್ಟೆಬಲ್ ಪ್ಯೂ ತಲೆ ಎತ್ತಲಿಲ್ಲ. “ನೋಡಿಮ್ಮ, ಲಾಕ್‌ನಲ್ಲಿ ವರ್ಷಕ್ಕೊಂದು ದೋಣಿ ಮುಳುಗ್ತಾನೇ ಇರತ್ತೆ. ಎಲ್ಲಕ್ಕೂ ಕೊಲೆಗಾರನ್ನ ಎಲ್ಲಿಂದ ತರೋಣ?”

“ನಿನ್ನ ಮೇಲಿನೋರನ್ನ ಕರಿ.”

ಇನ್‌ಸ್ಪೆಕ್ಟರ್ ಹಿಲರಿ ಟ್ರಾಂಟರ್ ಒಳಕೋಣೆಯಿಂದ ಬಂದು ಆಕೆಯ ಹೇಳಿಕೆ ಬರೆದುಕೊಂಡಳು. ಗುರುವಾರ 10.40ಕ್ಕೆ ದೋಣಿ ಲಾಕ್‌ನ ಕಲ್ಲುಗೋಡೆಗಳ ನಡುವೆ ಹೊಕ್ಕಿತು. ನೀಲಿ ಲೈಫ್ ಜಾಕೆಟ್ ತೊಟ್ಟ ಗಡ್ಡದವನೊಬ್ಬ ದಂಡೆಯ ಮೇಲಿದ್ದ. ದೋಣಿಗಳಿಗೆ ನೆರವಾಗಲು ಕಾಲುವೆಯಲ್ಲಿ ಸೇವೆಗೆ ನಿಲ್ಲುವವರಲ್ಲಿ ಒಬ್ಬನೆಂದು ನೋರಿನ್ ನಂಬಿದಳು. ಮಂಡಿನೋವಿನಲ್ಲೇ ದಂಡೆ ಹತ್ತಿದ್ದ ಅವಳ ಕೈಯಿಂದ ತೂಬು ತಿರುಗಿಸುವ ಹಿಡಿಕೆಯನ್ನು ಅವನೇ ಇಸಿದುಕೊಂಡ, ಹಿಂಬದಿಯ ಹಗ್ಗವನ್ನೂ ಹಿಡಿದುಕೊಂಡ. ಲೆಸ್ಟರ್ ಚಹಾ ತರಲು ದೋಣಿಯ ಒಳಕೋಣೆಗೆ ಇಳಿದ. ಗಡ್ಡದವನು ಕೆಳಗಿನ ತೂಬು ತೆರೆದ, ನೀರು ಇಳಿಯತೊಡಗಿತು. ದೋಣಿಯ ಹಿಂಬದಿ ಮಾತ್ರ ಮೇಲಿನ ಗೇಟಿನ ಬುಡದ ಕಲ್ಲು ಹೊಸ್ತಿಲ ಮೇಲೆ ಕೂತು, ಮೂತಿ ಕೆಳಗೆ ಬಗ್ಗಿ ಒಳಗೆ ನೀರು ನುಗ್ಗಿತು.

“ತೂಬು ಮುಚ್ಚು ಅಂತ ಕಿರುಚಿದೆ. ಅವನು ನನ್ನನ್ನೇ ನೋಡ್ತಿದ್ದ. ಆಮೇಲೆ ಹಿಡಿಕೆ ಸಮೇತ ನಡ್ಕೊಂಡು ಹೋದ. ಓಡಲೂ ಇಲ್ಲ, ಮೇಡಂ.”

11.30ಕ್ಕೆ ಟ್ರಾಂಟರ್ ಇಬ್ಬರು ಸಾಕ್ಷಿಗಳ ಎದುರು ಸ್ಥಳ ಮಹಜರು ಮಾಡಿದಳು. ಹಗ್ಗ ಕಬ್ಬಿಣದ ಗೂಟಕ್ಕೆ ನಾಲ್ಕು ಸುತ್ತು ಬಿಗಿದೇ ಇತ್ತು. ನೀರಿನ ಜೊತೆ ಇಳಿಯಬೇಕಾದ ದೋಣಿಯನ್ನು ಯಾರೂ ಹಾಗೆ ಕಟ್ಟುವುದಿಲ್ಲ. ತೂಬು ಮತ್ತೆ ಮುಚ್ಚದಂತೆ ಅದರ ಹಲ್ಲುಚಕ್ರದೊಳಗೆ ಒಂದು ಬೋಲ್ಟ್ ಬಡಿದು ಕೂರಿಸಲಾಗಿತ್ತು. ಪ್ಯೂ ಅದನ್ನು ಸುತ್ತಿಗೆಯಿಂದ ಹೊರತೆಗೆದ. ಎರಡು ಬದಿ ಅರದಿಂದ ಉಜ್ಜಿ, ಆ ಸಂದಿಗೆ ಸರಿಯಾಗಿ ಕೂರುವಂತೆ ಮಾಡಿದ್ದರು.

“ಅಳತೆ ತಗೊಂಡು ಹೋಗಿ ಮಾಡಿರೋದು,” ಎಂದಳು ಟ್ರಾಂಟರ್. “ಇನ್ನೂ ಆಕಸ್ಮಿಕಾನಾ?”

ಪ್ಯೂ ಬೋಲ್ಟನ್ನು ಲಕೋಟೆಗೆ ಹಾಕಿದ.

ಗುರುವಾರ ಏಳನೇ ಲಾಕ್‌ನಲ್ಲಿ ಸೇವೆಗೆ ಯಾರನ್ನೂ ಹಾಕಿರಲಿಲ್ಲವೆಂದು ಕಾಲುವೆ ಕಚೇರಿಯ ಪಟ್ಟಿಯಿಂದ ತಿಳಿಯಿತು. ಮಧ್ಯಾಹ್ನವಿಡೀ ಟ್ರಾಂಟರ್, ಪ್ಯೂ ಇಬ್ಬರೂ ದಂಡೆಯುದ್ದಕ್ಕೂ ಕಟ್ಟಿದ್ದ ದೋಣಿಗಳ ಬಾಗಿಲು ತಟ್ಟಿದರು. ಕೆಲವರು ತೆರೆಯಲೇ ಇಲ್ಲ. ಒಬ್ಬ ತನ್ನ ನಾಯಿಯನ್ನು ಬಿಚ್ಚಿ ಬಿಟ್ಟ. ಹದಿಮೂರನೆಯ ದೋಣಿಯಲ್ಲಿ ಗ್ಲೆನಿಸ್ ಎಂಬ ಮುದುಕಿ ಆಲೂಗಡ್ಡೆ ಹೆರೆಯುತ್ತಿದ್ದಳು.

“ಬ್ಲೇಕ್‌ಮೋರ್ ಗೊತ್ತಾ?” ಎಂದಳು ಟ್ರಾಂಟರ್.

“ಗೊತ್ತಿಲ್ದೇ ಏನು? ಕಟ್ಟಿದ ದೋಣಿ ಪಕ್ಕ ನಿಧಾನ ಹೋಗ್ಬೇಕು ಅನ್ನೋ ಬುದ್ಧಿ ಇಲ್ಲದ ಜಾತಿ. ಆ ದೋಣಿ ಬಂತು ಅಂದ್ರೆ ನಮ್ಮ ತಟ್ಟೆ ಲೋಟ ಎಲ್ಲಾ ನೆಲದ ಮೇಲೆ. ಅವನು ಸತ್ತಿದ್ದಕ್ಕೆ ಇಲ್ಲಿ ಒಂದು ಹನಿ ಕಣ್ಣೀರೂ ಸಿಗಲ್ಲ, ಹೋಗಿ.”

“ಕೊಂದೋರು ಯಾರು?”

“ಈಗ ಬಂದ್ರಾ ಕೇಳೋಕೆ? ಬೆರಿಲ್ ಬೆಂದು ಬೊಬ್ಬೆ ಹೊಡೀತಿದ್ದಾಗ ಎಲ್ಲಿ ಸತ್ತಿದ್ರಿ?” ಅವಳು ಚಾಕುವನ್ನು ಪ್ಯೂ ಕಡೆಗೆ ತೋರಿಸಿದಳು. “ಇವನನ್ನೇ ಕೇಳಿ.”

ಪ್ಯೂನ ಕಿವಿ ಕೆಂಪಾಯಿತು.

ಠಾಣೆಗೆ ಮರಳಿ ಟ್ರಾಂಟರ್ ಹಳೆಯ ಕಡತಗಳನ್ನು ತೆಗೆಸಿದಳು. ದೂರು ಸಿಕ್ಕಿತು. 1996ರ ಜೂನ್ 9ರ ಭಾನುವಾರ ಬ್ಲೇಕ್‌ಮೋರ್ ದೋಣಿ ವೇಗವಾಗಿ ಹಾದುಹೋದ ಹೊಡೆತಕ್ಕೆ ದಂಡೆಗೆ ಕಟ್ಟಿದ್ದ ಇನ್ನೊಂದು ದೋಣಿ ಹೊಯ್ದಾಡಿ, ಒಳಗಿದ್ದ ಬೆರಿಲ್ ಆಡ್‌ಕಿನ್ಸ್ ಮೇಲೆ ಕುದಿಯುವ ನೀರು ಚೆಲ್ಲಿತ್ತು. ದೂರುದಾರ ಅವಳ ಗಂಡ ವಿಲ್ಫ್, ನಿವೃತ್ತ ಫಿಟ್ಟರ್. ಕೆಳಗೆ ಪ್ಯೂನ ದುಂಡು ಅಕ್ಷರ: ಖಾಸಗಿ ತಕರಾರು, ಕ್ರಮ ಅನಗತ್ಯ.

“ಆರು ಸಲ ಬಂದಿದ್ದ, ಮೇಡಂ. ತಲೆ ತಿಂತಿದ್ದ,” ಎಂದ ಪ್ಯೂ.

“ಆರು ಸಲವೂ ನೀನೇ ಓಡಿಸ್ದಾ?”

“ದೋಣಿ ಅಲ್ಲಾಡ್ತು ಅಂತ ಯಾರನ್ನ ಬಂಧಿಸೋಕಾಗುತ್ತೆ?”

“ನಾಳೆ ನೀನೇ ಬಾಗಿಲು ತಟ್ತೀಯ.”

ಶನಿವಾರ ಮಧ್ಯಾಹ್ನ 2.20. ಮೂರು ಮೈಲಿ ಆಚೆ, ಹಳೆಯ ಇಟ್ಟಿಗೆ ಗೂಡಿನ ಬಳಿ ವಿಲ್ಫ್ ಆಡ್‌ಕಿನ್ಸ್‌ನ ದೋಣಿ ಇತ್ತು. ದೂರು ಕೊಡುವಾಗ ಇರದಿದ್ದ ಗಡ್ಡ ಬಿಟ್ಟಿದ್ದ ಮುದುಕ ಪ್ಯೂನನ್ನು ಕಂಡು ಬಾಗಿಲಿಗೆ ಅಡ್ಡ ನಿಂತ.

“ನೀನಾ? ಏಳನೇ ಸಲ ನಾನೇ ಬರ್ಬೇಕಿತ್ತಲ್ಲ.”

“ದಾರಿ ಬಿಡಿ,” ಎಂದ ಪ್ಯೂ.

ಒಳಗೆ, ಲೋಹ ಉಜ್ಜುವಾಗ ಬಿಗಿಹಿಡಿಯುವ ಬೆಂಚಿನ ಹಿಡಿಕಟ್ಟಿನ ಕೆಳಗೆ ಕಬ್ಬಿಣದ ಪುಡಿ ಬಿದ್ದಿತ್ತು. ಪೆಟ್ಟಿಗೆಯಲ್ಲಿ ಎರಡು ಬದಿ ಉಜ್ಜಿದ ಇನ್ನೊಂದು ಬೋಲ್ಟ್, ಸ್ವಲ್ಪ ದಪ್ಪನೆಯದು. ಮಂಚದಡಿ ನೀಲಿ ಜಾಕೆಟ್, ಅದರೊಳಗೆ ನೋರಿನ್‌ಳ ಹಿಡಿಕೆ.

“ಇದ್ಯಾಕೆ ಬಿಟ್ರಿ?” ಟ್ರಾಂಟರ್ ಬೋಲ್ಟ್ ಎತ್ತಿ ಹಿಡಿದಳು.

“ಅದು ಕೂರ್ತಿರ್ಲಿಲ್ಲ. ಕೂದಲೆಳೆಯಷ್ಟು ಜಾಸ್ತಿ.”

“ಕೊಲ್ಲೋಕೆ ಹೋಗಿದ್ರಾ?”

“ದೋಣಿ ಮುಳುಗಿಸೋಕೆ. ಅದೇ ಅವನ ಮನೆ ತಾನೇ. ಒಂದು ದಿನ ದಂಡೆ ಮೇಲೆ ನಿಂತು ಅಳ್ಲಿ ಅಂತ.”

“ಅವರು ಒಳಗಿದ್ದಾರೆ ಅಂತ ಗೊತ್ತಿತ್ತು.”

“ಒಳಗೆ ಏನೋ ಭಾರದ್ದು ಜಾರಿ ಬಾಗಿಲಿಗೆ ಅಡ್ಡ ಬಿದ್ದ ಸದ್ದಾಯ್ತು. ಒಳಗಿಂದ ಬಡಿಯೋದು ಕೇಳಿಸ್ತು. ಬೇಲಿ ಹತ್ರ ನಿಂತೆ.” ವಿಲ್ಫ್ ತನ್ನ ಕೈಗಳನ್ನು ನೋಡಿಕೊಂಡ. “ವಾಪಸ್ ಹೋಗಿ ಬೋಲ್ಟ್ ತೆಗೀಬಹುದಿತ್ತು. ಸುತ್ತಿಗೆ ಜೇಬಲ್ಲೇ ಇತ್ತು. ತೆಗೀಲಿಲ್ಲ. ಹಾಗೇ ಬರ್ಕೊಳ್ಳಿ. ಚಂದ ಮಾಡಿ ಬರೀಬೇಡಿ.”

2.55ಕ್ಕೆ ಬಂಧನ. ಪ್ಯೂ ಕೈಕೋಳ ತೆಗೆದ. ವಿಲ್ಫ್ ಮಣಿಕಟ್ಟನ್ನು ತಾನೇ ತಿರುಗಿಸಿ ಕೊಟ್ಟ.

ಬೆರಿಲ್ ಮೈ ಸುಟ್ಟುಕೊಂಡ ಮೇಲೆ ಹದಿನಾಲ್ಕು ತಿಂಗಳು ಬದುಕಿದ್ದಳು. ಅಂಟಿಹೋದ ಬೆರಳುಗಳಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಗಂಡ ಚಮಚದಲ್ಲಿ ಕುಡಿಸುತ್ತಿದ್ದ. ಆ ಅವಧಿಯಲ್ಲಿ ಬ್ಲೇಕ್‌ಮೋರ್ ದೋಣಿ ಅವರ ಕಿಟಕಿಯ ಮುಂದೆ ಒಂಬತ್ತು ಸಲ ಹಾದುಹೋಯಿತು, ಒಮ್ಮೆಯೂ ನಿಧಾನವಾಗದೆ. ವಿಲ್ಫ್ ಕೂಗಿದಾಗಲೆಲ್ಲ ಲೆಸ್ಟರ್ ನಕ್ಕು, ಹಗ್ಗ ಬಿಗಿ ಮಾಡ್ಕೊಳ್ಳಯ್ಯಾ ಎನ್ನುತ್ತಿದ್ದ. ವಿಲ್ಫ್‌ನ ಹೇಳಿಕೆಯಲ್ಲಿ ಇಷ್ಟಿತ್ತು.

ಸೋಮವಾರ ನೋರಿನ್ ತನ್ನ ಹೇಳಿಕೆಗೆ ಸಹಿ ಹಾಕಲು ಬಂದಳು. “ಯಾವ ದ್ವೇಷಕ್ಕೆ ಮಾಡ್ದ?” ಎಂದು ಕೇಳಿದಳು. ಟ್ರಾಂಟರ್ ದಿನಾಂಕ ಹೇಳಿ, ನಡೆದದ್ದನ್ನು ಓದಿದಳು.

ನೋರಿನ್ ಲೇಖನಿಯನ್ನು ಮೇಜಿನ ಮೇಲಿಟ್ಟಳು.

“ಜೂನ್ ಒಂಬತ್ತು. ಅವತ್ತು ನಮ್ಮನೆಯವರಿಗೆ ಸೊಂಟ ಹಿಡ್ಕೊಂಡಿತ್ತು. ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ರು. ಮಳೆ ಬರೋದ್ರೊಳಗೆ ಲಾಕ್ ದಾಟಿಬಿಡೋಣ ಅಂತ...” ಲೇಖನಿಯನ್ನು ದೂರ ಸರಿಸಿದಳು. “ಚುಕ್ಕಾಣಿ ನನ್ನ ಕೈಲಿತ್ತು, ಮೇಡಂ. ಆ ಕಟ್ಟಿದ್ದ ದೋಣಿಯೊಳಗೆ ಯಾರೋ ಕಿರುಚಿದ್ದು ನಂಗೆ ಕೇಳಿಸ್ತು.”

ಬಾಗಿಲ ಬಳಿ ನಿಂತಿದ್ದ ಪ್ಯೂ ಟ್ರಾಂಟರ್‌ಳ ಮುಖ ನೋಡಿದ.

“ಕೂತ್ಕೊಳ್ಳಿ,” ಎಂದಳು ಇನ್‌ಸ್ಪೆಕ್ಟರ್. ಹೊಸ ಹಾಳೆ ತೆಗೆದು ಮೇಲೆ 1996ರ ಜೂನ್ 9 ಎಂದು ಬರೆದಳು.