ಕಾಣೆಯಾದ ಕೊಂಬಿನ ಜೀರುಂಡೆ

ಗಾಜಿನ ಮುಚ್ಚಳ ಹಾಕಿದಂತೆಯೇ ಇತ್ತು. ಅದರ ಕೆಳಗಿನ ಜೀರುಂಡೆ ಮಾತ್ರ ಇರಲಿಲ್ಲ!

ಛಾಯಾಗ್ರಾಹಕಿ ಬರಿದಾದ ಕಾಗದದ ಬಿಲ್ಲೆಯನ್ನೇ ನೋಡುತ್ತ ನಿಂತಳು. ಊಟ ಮುಗಿಸಿ ಬರುವಷ್ಟರಲ್ಲಿ ಹೀಗಾಗಿತ್ತು. ಸಂಗ್ರಹಾಲಯದ ಕೀಟಗಳ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಜೇನಿನಂತೆ ಹರಡಿತ್ತು. ತೇಲುವ ಒಂದೊಂದು ಧೂಳಿನ ಕಣವೂ ಅವಳಿಗೆ ರೆಕ್ಕೆ ಮೂಡಿದ ಜೀರುಂಡೆಯಾಗಿ ಕಂಡಿತು.

ಮರದ ಅಣಬೆಯೊಂದನ್ನು ಸೀಳಿದಾಗ ಸಿಕ್ಕಿದ್ದು ಅದು. ಸಾಸಿವೆಗಿಂತ ಚಿಕ್ಕದು. ಸತ್ತಿತ್ತು, ಆದರೂ ಸೂಕ್ಷ್ಮದರ್ಶಕದಲ್ಲಿ ತಾಮ್ರದ ಬೆನ್ನು, ತಲೆಯ ಮೇಲೆ ಜೋಡಿ ಕೊಂಬು—ಯಾವ ಪುಸ್ತಕದಲ್ಲೂ ಇಲ್ಲದ ಜೀವ! ಸೂಕ್ಷ್ಮದರ್ಶಕವನ್ನು ಕೂದಲೆಳೆಯಷ್ಟು ಕೆಳಗಿಳಿಸುತ್ತ ಪದರಪದರವಾಗಿ ಫೋಟೋ ತೆಗೆದು, ಎಲ್ಲವನ್ನೂ ಪೇರಿಸಿ ಒಂದೇ ಚಿತ್ರ ಮಾಡಬೇಕಿತ್ತು. ಕೊಂಬಿನ ತುದಿಯಷ್ಟೇ ಮುಗಿದಿತ್ತು. ಜೀರುಂಡೆಯೇ ಇಲ್ಲದೆ ಹೊಸ ಹೆಸರಿಡುವಂತಿಲ್ಲ. ಅಣಬೆ ಬೆಳೆದಿದ್ದ ಮರ ಆಗಲೇ ಸೌದೆಯಾಗಿತ್ತು.

ಅವಳು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ಚಿಕ್ಕಮ್ಮ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಿಯಾದವಳು, ಕೂಡಲೇ ಬಂದಳು.

“ಬೀಗದ ಕೈ ಯಾರ್ಯಾರ ಹತ್ರ ಇದೆ?”

“ನನ್ನ ಹತ್ರ, ಅಣಬೆ ಪಂಡಿತರ ಹತ್ರ, ಮೇಷ್ಟ್ರ ಹತ್ರ. ಮೇಷ್ಟ್ರು ನಂಗೆ ವಿದ್ಯೆ ಕಲಿಸಿದೋರು ಚಿಕ್ಕಮ್ಮ, ಅವರನ್ನ ಬಿಟ್ಬಿಡು.”

“ಅನುಮಾನಕ್ಕೆ ಗುರು-ಹಿರಿಯರು ಅಂತ ಇಲ್ಲ ಕಣೇ.”

ಅಣಬೆ ಪಂಡಿತರು ಬಂದವರೇ ಸಿಡುಕಿದರು. “ನನ್ನ ಅಣಬೆ ಸೀಳಿದ್ಲು ಅಂತ ಜಗಳ ಆಡಿದ್ದು ನಿಜ. ಹಾಗಂತ ಆ ಹುಳ ಕದ್ದು ನಾನೇನು ಉಪ್ಪಿನಕಾಯಿ ಹಾಕ್ಲಾ?”

ಹಿಂದೆಯೇ ಬಂದ ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಕಿಟಕಿಯ ಬಳಿ ಕೂತರು.

ಚಿಕ್ಕಮ್ಮ ಸೂಕ್ಷ್ಮದರ್ಶಕದ ಜೋಡಿ ನಳಿಗೆಗೆ ಕಣ್ಣಿಟ್ಟಳು. “ಇದೇನೇ—ಎರಡೆರಡು ಚಂದ್ರ?”

“ನಳಿಗೆಗಳ ಅಂತರ ನಿನ್ನ ಕಣ್ಣಿಗೆ ಹೊಂದಿಲ್ಲ. ಹೊಂದಿದ್ರೆ ಒಂದೇ ಕಾಣುತ್ತೆ.”

“ನೀನು ನೋಡು.”

ಅವಳು ಬಗ್ಗಿದಳು. “ನಂಗೂ ಎರಡು! ಬೆಳಿಗ್ಗೆ ಒಂದೇ ಇತ್ತು... ಆಮೇಲೆ ನಾನು ನೋಡಿದ್ದೆಲ್ಲ ಕಂಪ್ಯೂಟರ್ ಪರದೆ ಮೇಲೆ.”

ಪಂಡಿತರಿಗೂ ಎರಡೇ ಕಂಡವು. ಕೊನೆಗೆ ಮೇಷ್ಟ್ರು ತಡವರಿಸುತ್ತ ಬಂದು ಬಗ್ಗಿದರು.

“ಒಂದೇ,” ಎಂದರು ಮೆಲ್ಲಗೆ. “ಒಂದೇ ಬೆಳಕು.”

ಚಿಕ್ಕಮ್ಮ ನಳಿಗೆಗಳತ್ತ ಬೆರಳು ತೋರಿದಳು.

“ಎಲ್ರೂ ಬೀಗ ನೋಡಿದ್ರಿ, ಮುಚ್ಚಳ ನೋಡಿದ್ರಿ,” ಎಂದಳು ಚಿಕ್ಕಮ್ಮ. “ನಳಿಗೆ ನೋಡ್ಲಿಲ್ಲ. ಬೆಳಿಗ್ಗೆ ಇವಳ ಕಣ್ಣಿಗೆ ಹೊಂದಿದ್ದನ್ನ ಯಾರೋ ತಮ್ಮ ಕಣ್ಣಿಗೆ ಅಗಲ ಮಾಡ್ಕೊಂಡಿದ್ದಾರೆ. ಮೇಷ್ಟ್ರೇ, ನಿಮಗೊಬ್ರಿಗೇ ಒಂದು ಕಾಣ್ತಿದೆ. ಮಧ್ಯಾಹ್ನ ಇಲ್ಲಿ ಕೂತಿದ್ದೋರು ನೀವೇ.”

ಮೇಷ್ಟ್ರು ನಳಿಗೆಯಿಂದ ಕಣ್ಣು ತೆಗೆದರು. “ಕದಿಯೋಕೆ ಬಂದಿರ್ಲಿಲ್ಲಮ್ಮ. ಕಣ್ಣು ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು ಅನ್ನಿಸ್ತು. ಮುಚ್ಚಳ ತೆಗೆದೆ. ನಳಿಗೆ ಅಗಲಿಸಿ ನೋಡಿದ್ರೂ ಬರೀ ಮಂಜು. ಮುಖ ಬಿಲ್ಲೆ ಹತ್ರಾನೇ ಒಯ್ದೆ... ನನ್ನ ಉಸಿರೇ ತಾಗಿರ್ಬೇಕು. ಆ ಚುಕ್ಕೆ ಮಾಯ! ಹೇಳೋಕೆ ಬಾಯಿ ಬರ್ಲಿಲ್ಲ, ಮುಚ್ಚಳ ಹಾಕಿ ಹೊರಟ್ಹೋದೆ.”

“ಆಗ್ಲೂ ಮಫ್ಲರ್ ಸುತ್ಕೊಂಡಿದ್ರಾ?” ಎಂದಳು ಚಿಕ್ಕಮ್ಮ.

“ಹೂಂ.”

ಅದನ್ನು ಬಿಳಿ ಹಾಳೆಯ ಮೇಲೆ ಹರಡಿದರು. ದೀಪ ಹಿಡಿದು, ಎಳೆ ಎಳೆ ಬಿಡಿಸಿ ಹುಡುಕಿದರು. ಉಣ್ಣೆಯ ಸಂದಿಯಲ್ಲಿ ಏನೋ ಮಿನುಗಿತು. ಛಾಯಾಗ್ರಾಹಕಿ ಉಸಿರು ಬಿಗಿಹಿಡಿದು, ಸಣ್ಣ ಕುಂಚದ ತುದಿಯಿಂದ ಎತ್ತಿದಳು. ಎರಡೂ ಕೊಂಬು ನೆಟ್ಟಗಿದ್ದವು!

ಬೈಗುಳಕ್ಕೆ ಸಿದ್ಧರಾಗಿ ಮೇಷ್ಟ್ರು ತಲೆ ತಗ್ಗಿಸಿದ್ದರು. ಅವಳು ಜೀರುಂಡೆಯನ್ನು ಬಿಲ್ಲೆಯ ಮೇಲಿಟ್ಟು, ಇನ್ನೊಂದು ಕುರ್ಚಿಯನ್ನು ಪಕ್ಕಕ್ಕೆ ಎಳೆದಳು.

“ಕೂತ್ಕೊಳಿ ಸಾರ್. ನಾನು ನೋಡಿ ಹೇಳ್ತೀನಿ.”

ಮೇಷ್ಟ್ರು ಕೂತರು, ಕಣ್ಣು ಮುಚ್ಚಿದರು. “ಬೆನ್ನ ಮೇಲೆ ರೋಮ ಇದೆಯಾ?”

“ಇದೆ ಸಾರ್. ಸಾಲು ಸಾಲಾಗಿ.”

“ನಿಧಾನವಾಗಿ ಹೇಳಮ್ಮ,” ಎಂದರು ಮೇಷ್ಟ್ರು. “ತಲೆಯಿಂದ ಶುರು ಮಾಡು.”