ಇಲಿಗಳಿಗೆಂದು ಮಾಡಿದ ಮದ್ದು

ಬೆಳಿಗ್ಗೆ ಠಾಣೆಗೆ ಬಂದ ಯುವಕ, ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಿನ್ನೆ ಅಕ್ಕ ಭಾವನ ಜೊತೆ ಸ್ಕ್ಯಾನಿಂಗ್‌ಗೆ ನಡ್ಕೊಂಡೇ ಹೋದಳು ಮೇಡಂ. ಸಂಜೆ ಹೆಣ ಬಂತು. ಭಾವ ಅಲ್ಲೇ ಟೆಕ್ನಿಷಿಯನ್. ಏನಾಯ್ತು ಅಂದ್ರೆ ಬಾಯೇ ಬಿಡ್ತಿಲ್ಲ.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಿ, ಹೆಡ್ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೊರಟರು. ಎಂಆರ್‌ಐ ಕೋಣೆಯ ಬಾಗಿಲಲ್ಲೇ ಬೆಲ್ಟು, ಪಿಸ್ತೂಲು ಬಿಚ್ಚಿಡಬೇಕಾಯಿತು. ಒಳಗಿನ ಅಯಸ್ಕಾಂತಕ್ಕೆ ಪೊಲೀಸರೆಂಬ ಭಯವಿಲ್ಲ. ಪಂಚರ ಎದುರು ಪಂಚನಾಮೆ ನಡೆಯಿತು. ಕಸದ ಡಬ್ಬಿಯ ತಳದಲ್ಲಿ ಒಂದು ಸಿರಿಂಜು, ಕಂದು ದ್ರವ ಅಂಟಿದ ಪುಟ್ಟ ಶೀಶೆ ಸಿಕ್ಕವು.

ಚೀಟಿಯ ಪ್ರಕಾರ ಆ ಶೀಶೆ, ಆಸ್ಪತ್ರೆಯ ಮೇಲಿನ ಮಹಡಿಯ ಪ್ರಯೋಗಾಲಯದ್ದು. ಅದರಲ್ಲೇನಿತ್ತು ಎಂದು ಅಲ್ಲಿನ ಸಂಶೋಧಕಿಯನ್ನು ಕೇಳಿದರು.

“ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣ, ಮೇಲೆ ಚಿನ್ನದ ಲೇಪ. ರಕ್ತಕ್ಕೆ ಕೊಟ್ರೆ ಸ್ಕ್ಯಾನ್‌ನಲ್ಲಿ ಚೆನ್ನಾಗಿರೋ ಯಕೃತ್ತು ಕಪ್ಪಾಗುತ್ತೆ, ಗಡ್ಡೆ ಬೆಳ್ಳಗೆ ಎದ್ದು ಕಾಣುತ್ತೆ.”

“ಹಾಗಾದ್ರೆ ಚಿನ್ನಕ್ಕೇ ಕದ್ದಿರ್ಬೇಕು,” ಹೆಡ್ ಕಾನ್‌ಸ್ಟೇಬಲ್ ಗೊಣಗಿದ.

“ಮೂಗುಬೊಟ್ಟಿಗೂ ಸಾಲಲ್ಲ ಸರ್. ಇದನ್ನ ಇಲಿಗಳಿಗೆ ಬಿಟ್ಟು ಯಾರಿಗೂ ಕೊಟ್ಟಿಲ್ಲ. ಅದರಲ್ಲೂ ಈ ಶೀಶೇದು ಗಂಟುಗಂಟಾಗಿ ಕೆಟ್ಟಿತ್ತು. ಎಸೆಯೋಕೆ ಅಂತ ಪಕ್ಕಕ್ಕಿಟ್ಟಿದ್ದೆ.”

ಮರಣೋತ್ತರ ವರದಿ ಬಂತು. ಶ್ವಾಸಕೋಶದ ಸಣ್ಣ ನಾಳಗಳಲ್ಲೆಲ್ಲ ಕಂದು ಗಂಟುಗಳು ಕಟ್ಟಿಕೊಂಡಿದ್ದವು.

ಪೊಲೀಸರು ಮನೆಗೆ ಹೋದಾಗ ಟೆಕ್ನಿಷಿಯನ್ ಹೆಂಡತಿಯ ಬಟ್ಟೆ ಮಡಿಸುತ್ತಿದ್ದ.

“ಇಂಜೆಕ್ಷನ್ ಕೊಟ್ಟಿದ್ದು ಯಾರು?”

“ನಾನೇ.”

“ಯಾಕೆ?”

“ಅವಳ ಯಕೃತ್ತಿನ ಗಡ್ಡೆ ಎಲ್ಲಿ ಮುಗಿಯುತ್ತೆ ಅಂತ ಕಾಣ್ತಿಲ್ಲ, ಕುರುಡಾಗಿ ಕತ್ತಿ ಹಾಕೋಕಾಗಲ್ಲ ಅಂದ್ರು ಸರ್ಜನ್. ಲ್ಯಾಬಿನ ಇಲಿಗಳ ಸ್ಕ್ಯಾನ್ ಚಿತ್ರ ತೆಗೆಯೋನು ನಾನೇ ಅಲ್ವಾ. ಈ ಮದ್ದು ಕೊಟ್ರೆ ಗಡ್ಡೆ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ಗೊತ್ತಿತ್ತು.”

“ಅದು ಕೆಟ್ಟಿತ್ತು ಅಂತ?”

“ಗೊತ್ತಿರಲಿಲ್ಲ. ಪಕ್ಕಕ್ಕಿಟ್ಟಿದ್ದನ್ನ ಯಾರೂ ಹುಡುಕಲ್ಲ ಅಂದ್ಕೊಂಡೆ.”

“ಅವರಿಗೆ ಹೇಳಿದ್ರಾ?”

“ಮಾಮೂಲಿ ಔಷಧಿ ಅಂದೆ. ಕೈ ಚಾಚಿದಳು.”

ಇನ್‌ಸ್ಪೆಕ್ಟರ್ ಅವನನ್ನು ಬಂಧಿಸಿದರು. ಜೀಪು ಠಾಣೆಯ ಕಡೆ ತಿರುಗಿದಾಗ ಅವನು ಕೇಳಿದ:

“ಚಿತ್ರ ಬಂದಿತ್ತು ಮೇಡಂ. ಅವಳಿಗೆ ಉಸಿರು ಕಟ್ಟಿದ್ರಿಂದ ನಾನು ನೋಡಲಿಲ್ಲ. ಗಡ್ಡೆ ಕಂಡಿತ್ತಾ?”

ಆ ಚಿತ್ರ ನೋಡಿ ಸರ್ಜನ್ ಕೊಟ್ಟ ಹೇಳಿಕೆ ಇನ್‌ಸ್ಪೆಕ್ಟರ್ ತೊಡೆಯ ಮೇಲಿನ ಫೈಲಿನಲ್ಲೇ ಇತ್ತು.

“ಕಂಡಿತ್ತು,” ಎಂದರು.

ಅವನು ತಲೆಯಾಡಿಸಿದ. ಗಡ್ಡೆಯನ್ನು ಪೂರ್ತಿ ತೆಗೆಯಬಹುದಿತ್ತು ಎಂಬ ಸರ್ಜನ್ ಮಾತನ್ನು ಇನ್‌ಸ್ಪೆಕ್ಟರ್ ನುಂಗಿಕೊಂಡರು. ಹೇಗೂ ಆ ಹೇಳಿಕೆಯೂ ಸೇರಿದ ದೋಷಾರೋಪ ಪಟ್ಟಿಯ ಒಂದು ಪ್ರತಿ ಅವನ ಕೈಗೇ ಹೋಗುತ್ತದೆ.