ಶೀಲಾವತಿಯ ಡ್ರೈವರ್

"ಇವನು ನಮ್ಮ ಡ್ರೈವರ್," ಎಂದಳು ಶೀಲಾವತಿ, ಕಾರಿನಿಂದ ಇಳಿಯುತ್ತ.

ಮಹಾದೇವಿ ನಂಬಿದಳು. ಮರೆವಿನ ಕಾಯಿಲೆಯವರಿಗಾಗಿ ಚೆಂಬೂರಿನಲ್ಲಿ ನಡೆಯುತ್ತಿದ್ದ ಆ ಡೇ ಕೇರ್‌ನಲ್ಲಿ ಆಕೆ ವಾಲಂಟಿಯರ್. "ನೀವು ಹೊರಗ ಕೂಡ್ರಿ, ಡ್ರೈವರ್ ಮಂದೀನ ಒಳಗ ಬಿಡೂದಿಲ್ಲ," ಎಂದು ಆ ಗಂಡಸಿಗೆ ಹೇಳಿ, ಶೀಲಾವತಿಯ ಕೈ ಹಿಡಿದು ಒಳಗೆ ಹೋದಳು. ಆತ ಎದುರಾಡದೆ ಮೆಟ್ಟಿಲ ಮೇಲೆ ಕೂತ.

ಆತ ರಮಾನಾಥ, ಬಾಂದ್ರಾದಲ್ಲಿ ಹೋಟೆಲ್ ಇಟ್ಟವನು, ಶೀಲಾವತಿಯ ಗಂಡ ಎಂದು ಸೆಂಟರಿನ ಮೇಡಂ ಹೇಳಿದಾಗ ಮಹಾದೇವಿ ನಾಚಿಕೆಯಿಂದ ಹೊರಗೋಡಿ ಬಂದಳು.

"ಹೇಳಬಾರದೇನ್ರೀ?"

"ಗಂಡ ಅಂದ್ರೆ ಹೆದರಿ ಕಿರುಚ್ತಾಳೆ ಟೀಚರ್. ಡ್ರೈವರ್ ಅಂದ್ರೆ ಸುಮ್ಮನೆ ಕಾರು ಹತ್ತುತ್ತಾಳೆ." ರಮಾನಾಥ ನಕ್ಕ. ಆ ನಗು ನೋಡಿದವರಿಗೆ ಅಳು ಬರಬೇಕು.

ಟೀಚರ್ ಎಂದೇ ಅಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದರು. ಜೋಗೇಶ್ವರಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಮಕ್ಕಳು ಬಾರದೆ ಶಾಲೆ ಮುಚ್ಚಿತು. ಅದರ ಹಿಂದೆಯೇ ಗಂಡ ಕಾಶಿನಾಥ ಎದೆನೋವಿನಿಂದ ತೀರಿಕೊಂಡ. ಆಮೇಲೆ ಯಾಕಾದರೂ ಬೆಳಗಾಗುತ್ತದೋ ಅನ್ನಿಸತೊಡಗಿತ್ತು. ಕಾಯಿಲೆ ಬಲಿತಂತೆ ಕೆಲವರಿಗೆ ಹಿಂದಿ, ಮರಾಠಿ ಹೋಗಿ ತಾಯಿಮಾತೊಂದೇ ಉಳಿಯುತ್ತದೆ, ಕನ್ನಡದವರು ಬೇಕು ಎಂದು ಗೆಳತಿಯೊಬ್ಬಳು ಇಲ್ಲಿಗೆ ಕರೆತಂದಳು. ನಾಳೆ ತನ್ನನ್ನು ಗುರುತಿಸದವರಿಗೆ ಇವತ್ತು ತಲೆ ಬಾಚಿ, ತುತ್ತಿಟ್ಟು ಕೂತಳು ಮಹಾದೇವಿ. ಬದುಕಲು ಒಂದು ನೆವ ಸಿಕ್ಕಿತು.

ಶೀಲಾವತಿಗೆ ಐವತ್ತೂ ತುಂಬಿರಲಿಲ್ಲ. ಹೂ ಕಟ್ಟುವುದೊಂದು ಮರೆತಿರಲಿಲ್ಲ. ಇಬ್ಬರೂ ಕಿಟಕಿಯ ಬಳಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಸಂಜೆ ರಮಾನಾಥ ಹೋಟೆಲಿನಿಂದ ಬನ್ಸ್ ತರುತ್ತಿದ್ದ, ಫ್ಲಾಸ್ಕಿನಲ್ಲಿ ಕಾಫಿ.

"ಇವತ್ತು ಸಕ್ಕರೆ ಸರಿ ಉಂಟಾ?"

"ನಿನ್ನೆ ಕಡಿಮಿ ಇತ್ತಂತ ನಾ ಹೇಳೇ ಇಲ್ಲಲ್ರೀ."

"ಕುಡಿಯುವಾಗ ಮುಖ ನೋಡಿದೆ."

ಮಹಾದೇವಿ ಕಪ್ಪಿನೊಳಗೇ ಕಣ್ಣಿಟ್ಟಳು. ಮುಖ ಎತ್ತಿದರೆ ಆತ ಇನ್ನೂ ನೋಡುತ್ತಿರುತ್ತಾನೆಂದು ಗೊತ್ತಿತ್ತು. ಎತ್ತಿದಳು. ಆತ ನೋಡುತ್ತಿದ್ದ. ಅಂದು ರಾತ್ರಿ ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ಬೈದುಕೊಂಡಳು. ಮರುದಿನ ಹಸಿರು ಸೀರೆ ಉಟ್ಟೇ ಹೊರಟಳು.

ಒಂದು ಸಂಜೆ ಶೀಲಾವತಿ ಕಟ್ಟಿದ ಮಾಲೆಯನ್ನು ಮಹಾದೇವಿಯ ಜಡೆಗೆ ಮುಡಿಸಿದಳು. ಬಾಗಿಲಲ್ಲಿದ್ದ ರಮಾನಾಥನನ್ನು ಕರೆದು, ಆತನ ಕೈಯನ್ನು ಮಹಾದೇವಿಯ ಕೈಯೊಳಗಿಟ್ಟಳು.

"ಇವನು ಒಳ್ಳೆಯವನು, ಗೊತ್ತುಂಟಾ? ಪಾಪ, ಇವನಿಗೆ ಯಾರೂ ಇಲ್ಲ. ನೀನು ಮದುವೆಯಾಗು ಮಾರಾಯ್ತಿ."

ರಮಾನಾಥನ ಕಣ್ಣಿನಿಂದ ನೀರು ಸುರಿಯಿತು.

"ನೋಡು, ನಾಚಿಕೆ ಅವನಿಗೆ!" ಶೀಲಾವತಿ ಚಪ್ಪಾಳೆ ತಟ್ಟಿ ನಕ್ಕಳು.

ಅವಳನ್ನು ಕಾರಿನಲ್ಲಿ ಕೂರಿಸಿ ಬಂದ ರಮಾನಾಥ ಮೆಟ್ಟಿಲ ಬಳಿ ನಿಂತ. "ಟೀಚರ್, ನನ್ನ ಮನಸ್ಸಲ್ಲಿ ಇದ್ದದ್ದನ್ನೇ ಅವಳು ಹೇಳಿಬಿಟ್ಟಳು."

"ನನ್ನ ಮನಸಿನ್ಯಾಗೂ ಅದ ಐತ್ರಿ," ಎಂದಳು ಮಹಾದೇವಿ. "ಆದ್ರ ಈಗ ನಿಮ್ಮ ಕೈ ಹಿಡಿದ್ರ, ತಿಳೀಲಾರದವಳ ಕೈಯಾಗಿಂದ ಕಸಗೊಂಡಂಗ."

"ನಾನು ಕಾಯ್ತೇನೆ."

"ಏನ್ ಕಾಯ್ತೀರಿ? ಆಕಿ ಸಾಯೂದನ್ನ ಏನು?"

ರಮಾನಾಥ ಕಾರಿನಲ್ಲಿ ಕೂತ ಹೆಂಡತಿಯತ್ತ ತಿರುಗಿ ನೋಡಿದ. ಮಹಾದೇವಿಯೇ ಹೇಳಿದಳು: "ಆಕೀನ ಕಳಸ್ರಿ, ನಾ ನೋಡ್ಕೋತೀನಿ. ನೀವು ಬರಬ್ಯಾಡ್ರಿ."

ಮರುದಿನ ಹೋಟೆಲಿನ ಕೆಲಸದಾಳು ಸೀನ ಶೀಲಾವತಿಯನ್ನು ಕರೆತಂದ. ಅವಳು ಹೂವಿಗೆ ಕೈ ಹಾಕಲಿಲ್ಲ. ತಟ್ಟೆ ಸರಿಸಿದಳು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು.

"ಅವನೆಲ್ಲಿ?"

"ಯಾರು, ಅಕ್ಕಾರ?"

ಹೆಸರು ಸಿಗದೆ ಶೀಲಾವತಿ ಒದ್ದಾಡಿದಳು. "ಅವನು... ನನ್ನ... ಅವನು." ಆಮೇಲೆ ದಾರಿ ತಪ್ಪಿದ ಮಗುವಿನಂತೆ ಅಳತೊಡಗಿದಳು.

ಮಹಾದೇವಿ ಹೊರಗೆ ಬಂದು ಫೋನ್ ಮಾಡಿದಳು. "ಬರ್ರಿ. ನಿಮ್ಮನ್ನ ಹುಡುಕಾಕತ್ತಾಳ. ನೀವು ಯಾರಂತ ಆಕೀಗೆ ಗೊತ್ತಿಲ್ಲ, ಆದ್ರೂ ನೀವ ಬೇಕು."

ರಮಾನಾಥ ಓಡೋಡಿ ಬಂದ. ಶೀಲಾವತಿ ಆತನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, "ಊಟ ಆಯ್ತಾ?" ಎಂದು ಕೇಳಿದಳು. ಹೆಂಡತಿಯ ತಲೆಯ ಮೇಲಿಂದ ಆತ ಮಹಾದೇವಿಯತ್ತ ನೋಡಿದ. ಇನ್ನು ದಿನವೂ ಆತ ಬರುತ್ತಾನೆ, ದಿನವೂ ಹೀಗೇ ನೋಡುತ್ತಾನೆ, ತಾನು ದಿನವೂ ಮುಖ ತಿರುಗಿಸಬೇಕು. ಮಹಾದೇವಿ ಮುಖ ತಿರುಗಿಸಿದಳು.

ಮೂಲೆಯಲ್ಲಿ ಅದೇ ಮರೆವಿನ ಕಾಯಿಲೆಯ ಗುರಲಿಂಗಪ್ಪ ಅಜ್ಜ ಅನ್ನದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. ಆಕೆ ಪಕ್ಕದಲ್ಲಿ ಕೂತು ತುತ್ತು ಕಲಸಿದಳು. ಅಜ್ಜ ಆಕೆಯ ಮುಖವನ್ನೇ ದಿಟ್ಟಿಸಿದ.

"ನಿನ್ನ ಕರಕೊಂಡು ಹೋಗಾಕ ಯಾರೂ ಬರಲಿಲ್ಲೇನವಾ?"

"ಇಲ್ರೀ ಅಜ್ಜಾರ," ಎಂದಳು ಮಹಾದೇವಿ. "ನಾ ಇಲ್ಲೇ ಇರ್ತೀನಿ. ಬಾಯಿ ತೆಗೀರಿ."